ಗೋಡೆಯ ಮೇಲಿನ ಬೇಹುಗಾತಿ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಾರೆಂಗಾ ಊರಿನಲ್ಲಿ ಈಗ ನನ್ನನ್ನು ಗಟ್ಟಿಗಿತ್ತಿ ಎನ್ನುವವರು ಹುಟ್ಟಿಕೊಂಡಿದ್ದಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಡೆದದ್ದೇನೆಂದು ಕೇಳಿ, ಆಮೇಲೆ ನೀವೇ ಹೇಳಿ.

ನಮ್ಮ ಸಂತ ಆಂಬ್ರೋಜೊ ಚರ್ಚಿನ ಕೀಲಿಕೈ ಇರುವುದು ನನ್ನ ಹತ್ತಿರ. ಕಸ ಗುಡಿಸುವುದು, ಮೇಣದ ಬತ್ತಿ ಕತ್ತರಿಸುವುದು, ಪೀಠದ ಬಟ್ಟೆಗೆ ಗಂಜಿ ಹಾಕುವುದು ಎಲ್ಲ ನಾನೇ. ಚರ್ಚಿನ ಗೋಡೆಗೆ ಆತುಕೊಂಡು ಒಂದು ಗೋಪುರವಿದೆ. ಏಳುನೂರು ವರ್ಷದ ಹಿಂದೆ ಒಂದು ಶ್ರೀಮಂತ ಮನೆತನ ಎದುರುಮನೆಯವರ ಹೊಟ್ಟೆ ಉರಿಸಲಿಕ್ಕೆಂದು ಕಟ್ಟಿಸಿದ್ದು. ಉರಿಸಿದವರೂ ಇಲ್ಲ, ಉರಿದುಕೊಂಡವರೂ ಇಲ್ಲ, ಗೋಪುರ ಮಾತ್ರ ಉಳಿದಿದೆ. ಕಡಲಿಗೆ ಇಳಿಯುವ ಓಣಿಯ ಕಡೆಗೆ ಅದು ವಾಲಿರುವುದರಿಂದ ಊರವರು ಅದನ್ನು ಕುಂಟಿ ಎಂದು ಕರೆಯುತ್ತಾರೆ. ಕುಂಟಿಯ ಗೋಡೆಯಲ್ಲಿ, ಚರ್ಚಿನ ಪಕ್ಕದ ಬಾಗಿಲಿನ ಹತ್ತಿರ, ನನ್ನ ಮೊಣಕಾಲೆತ್ತರದಿಂದ ಓರೆಯಾಗಿ ಮೇಲಕ್ಕೆ ಹೋಗುವ ಒಂದು ಬಿರುಕಿದೆ. ಜಿಲ್ಲೆಯ ಎಂಜಿನಿಯರ್ ಬಂದು ಆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯಿಟ್ಟು, ಎರಡು ತುದಿಗೂ ಗಾರೆ ಮೆತ್ತಿ, ಗಾಜಿನ ಮೇಲೆ ತಾರೀಖು ಗೀರಿ ಹೋಗಿದ್ದ. ಗಾಜು ಒಡೆದರೆ ಗೋಡೆ ಸರಿದಿದೆ ಎಂದು ಅರ್ಥ. ದಿನಾ ನೋಡಬೇಕು, ಒಡೆದರೆ ಚೀಟಿ ಕಳಿಸಬೇಕು, ಅದೂ ನನ್ನದೇ ಕೆಲಸ.

ಗಾರೆಯವರು ಆ ಪಟ್ಟಿಗೆ ಬೇಹುಗಾತಿ ಎನ್ನುತ್ತಾರೆ. ಗೋಡೆಯ ಒಳಗುಟ್ಟನ್ನು ಹೊರಗೆ ಹೇಳುತ್ತದಲ್ಲ, ಅದಕ್ಕೆ. ಆದರೆ ನಮ್ಮೂರಿನಲ್ಲಿ ಆ ಮಾತನ್ನು ಯಾರೂ ತಮಾಷೆಗೆ ಆಡುವುದಿಲ್ಲ. ಯುದ್ಧದ ಕಡೆಯ ಚಳಿಗಾಲದಲ್ಲಿ ಯಾರೋ ಜರ್ಮನರಿಗೆ ಹನ್ನೊಂದು ಹೆಸರು ಕೊಟ್ಟರು. ಹನ್ನೊಂದು ಗಂಡಸರನ್ನು ಲಾರಿಗೆ ಹತ್ತಿಸಿದರು, ಒಬ್ಬನೂ ಹಿಂದಿರುಗಲಿಲ್ಲ. ಹೆಸರು ಕೊಟ್ಟವರು ಯಾರೆಂದು ಹದಿಮೂರು ವರ್ಷವಾದರೂ ತಿಳಿದಿಲ್ಲ. ತಿಳಿಯದ್ದರಿಂದಲೇ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ.

ಮೂರು ವರ್ಷದ ಹಿಂದೆ ಈಸ್ಟರಿಗೆ ಎರಡು ವಾರ ಇರುವಾಗ ಗಾಜು ಒಡೆಯಿತು. ಬುದ್ಧಿಯಿಲ್ಲದ ನಾನು ಚೀಟಿ ಕಳಿಸಿದೆ. ಓಣಿಗೆ ಹಗ್ಗ ಕಟ್ಟಿದರು. ಶುಭ ಶುಕ್ರವಾರದ ಮೆರವಣಿಗೆ ನಿಂತುಹೋಯಿತು, ಯಾಕೆಂದರೆ ದೊಡ್ಡ ಕ್ರಿಸ್ತ, ಅಂದರೆ ಕ್ರಿಸ್ತನ ಮೂರ್ತಿಯಿರುವ ನಮ್ಮ ಎತ್ತರದ ಶಿಲುಬೆ, ಹೋಗಬಹುದಾದ ದಾರಿ ಅದೊಂದೇ. ಉಳಿದ ಓಣಿಗಳಿಗೆಲ್ಲ ಅಡ್ಡ ಕಮಾನುಗಳಿವೆ. ಶಿಲುಬೆಯನ್ನು ಬಾಗಿಸದೆ ಅವುಗಳ ಕೆಳಗೆ ನುಗ್ಗಲಾಗದು, ನಮ್ಮ ಕ್ರಿಸ್ತನೋ ಯಾರಿಗೂ ತಲೆಬಾಗಿಸುವವನಲ್ಲ. ಎಂಜಿನಿಯರ್ ಬಂದು ನೋಡಿ, ಕೂದಲೆಳೆಯಷ್ಟು ಸರಿದಿದೆ, ಭಯವೇನಿಲ್ಲ ಎಂದು ಹೊಸ ಗಾಜು ಕೂರಿಸಿ ಹೋದ. ಆ ವರ್ಷ ಬಲೆಗೆ ಮೀನು ಬೀಳಲಿಲ್ಲ, ಅದೂ ನನ್ನ ತಲೆಗೇ ಬಂತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಕದದ ಮೇಲೆ ಇದ್ದಿಲಲ್ಲಿ ಬರೆದಿದ್ದರು: ಬೇಹುಗಾತಿ. ಮೂರು ಸಲ ಸೋಪು ಹಾಕಿ ತಿಕ್ಕಿದೆ. ಮರದ ಗೆರೆಯೊಳಗೆ ಸೇರಿದ ಮಸಿ ಹೋಗಲಿಲ್ಲ.

ಮರುವರ್ಷ, ಈಸ್ಟರಿನ ಹಿಂದಿನ ಪವಿತ್ರ ವಾರದ ಬುಧವಾರ ಬೆಳಿಗ್ಗೆ ಪೊರಕೆ ಹಿಡಿದು ಓಣಿಗೆ ಬಂದೆ. ಗಾಜು ನಡುವಿಗೆ ಸರಿಯಾಗಿ ಎರಡು ತುಂಡಾಗಿತ್ತು.

ಎದೆ ಧಸಕ್ಕೆಂದಿತು. ಗೋಪುರ ಬೀಳುತ್ತದೆಂದಲ್ಲ, ದೇವರಾಣೆ, ಅದು ಹೊಳೆಯಲೇ ಇಲ್ಲ. ಕಣ್ಣ ಮುಂದೆ ಬಂದದ್ದು ನನ್ನ ಮನೆಯ ಕದ. ಜೊತೆಗೆ ಆ ವರ್ಷ ದೊಡ್ಡ ಕ್ರಿಸ್ತನನ್ನು ಹೊರುವವನು ನನ್ನ ಮಗ ಎರಾಸ್ಮೊ. ಆಗ ಇಪ್ಪತ್ತಾರು ವರ್ಷದ ಹುಡುಗ, ದೋಣಿ ರಿಪೇರಿ ಮಾಡುವವನು. ಅವನ ಅಪ್ಪನೂ ಹೊತ್ತಿದ್ದ, ಕಡಲು ಅವನನ್ನು ನುಂಗುವ ಮೊದಲು. ಬೇಹುಗಾತಿಯ ಮಗ ಎಂದು ಇವನನ್ನು ಒಂದು ವರ್ಷ ಸತಾಯಿಸಿ ಈಗ ಕಡೆಗೂ ಹೆಗಲು ತಟ್ಟಿದ್ದರು. ನಾನು ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಒಡೆದ ಗಾಜನ್ನು ಕಿತ್ತು ಸೆರಗಿನಂತೆ ಹೊದ್ದಿದ್ದ ಶಾಲಿಗೆ ಹಾಕಿಕೊಂಡೆ. ಕಿಟಕಿಯ ಹಳೆಯ ಗಾಜಿನಿಂದ ಒಂದು ಪಟ್ಟಿ ಕತ್ತರಿಸಿ ತಂದು, ಜಿಪ್ಸಂ ಕಲಸಿ ಮೆತ್ತಿ, ಹಳೆಯ ತಾರೀಖನ್ನೇ ಮೊಳೆಯಿಂದ ಗೀರಿದೆ. ಗೀರುವಾಗ ಒಡೆದ ತುಂಡನ್ನು ನೋಡಿಕೊಂಡೆ. ಅದರ ಮೇಲಿನ ಏಳಂಕಿ ಸೊಟ್ಟಗಿತ್ತು. ಅಷ್ಟು ಓದಿದ ಎಂಜಿನಿಯರಿಗೆ ಒಂದು ಏಳು ಬರೆಯಲು ಬರುವುದಿಲ್ಲವಲ್ಲ ಎಂದು ನಗು ಬಂತು.

ಗುರುವಾರ ಸಂಜೆ ಎರಾಸ್ಮೊ ಬರಿಯ ಶಿಲುಬೆ ಹೊತ್ತು ಓಣಿಯಲ್ಲಿ ಮೂರು ಸಲ ಅಭ್ಯಾಸ ಮಾಡಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಾಜು ಸರಿಯಾಗಿತ್ತು. ರಾತ್ರಿ ಅವನ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕಿದೆ.

ಶುಕ್ರವಾರ ನಾಲ್ಕು ಗಂಟೆಗೆ ನೋಡಿದರೆ ಹೊಸ ಗಾಜು ಒಡೆದಿತ್ತು.

 ಎರಡು ದಿನಕ್ಕೆ ಎರಡು ಗಾಜು. ಅವತ್ತು ಗಂಟೆ ಕಟ್ಟಿದ ದಿನ, ಗುರುವಾರದಿಂದ ಶನಿವಾರದವರೆಗೆ ನಮ್ಮಲ್ಲಿ ಯಾವ ಗಂಟೆಯೂ ಬಾರಿಸುವುದಿಲ್ಲ. ಆ ನಿಶ್ಶಬ್ದದಲ್ಲಿ ಗೋಡೆಯ ಒಳಗೆ ಮರಳು ಇಳಿಯುವ ಸದ್ದು ಕೇಳಿಸಿತು. ಜರಡಿಯಲ್ಲಿ ಹಿಟ್ಟು ಹಾಕಿ ಯಾರೋ ಮೆಲ್ಲಗೆ ಆಡಿಸಿದಂತೆ. ಕಿವಿ ಹಚ್ಚಿದೆ, ನಿಂತಿತು. ಕಿವಿ ತೆಗೆದೆ, ಮತ್ತೆ ಶುರುವಾಯಿತು.

ಮೆರವಣಿಗೆ ನಡೆಸುವ ಸೋದರ ಸಂಘದ ಯಜಮಾನ ಫೆರುಚ್ಚೊ ಸಂಘದ ಮನೆಯಲ್ಲಿದ್ದ. ಎಣ್ಣೆಗಾಣದ ಮಾಲೀಕ, ದಪ್ಪ ಮೀಸೆ, ಒಳ್ಳೆಯ ಗಂಟಲು. ಮೆರವಣಿಗೆಯಲ್ಲಿ ಕ್ರಿಸ್ತನ ಮುಂದೆ ನಡೆದು ಹೆಜ್ಜೆ ಕೂಗುವವನು ಅವನೇ. ನಾನು ಅವನನ್ನು ಮೂಲೆಗೆ ಕರೆದೆ.

"ಯಜಮಾನ್ರೇ, ಗಾಜು ಒಡೆದಿದೆ."

ಅವನು ಮೇಣದ ಬತ್ತಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಬೇರೆ ಹಾಕು."

"ಹಾಗಂದ್ರೆ?"

"ಹಾಗಂದ್ರೆ ಬೇರೆ ಹಾಕು ಅಂತ. ಸುಣ್ಣದ ಗಾರೆ ಬೇಡ, ಒಣಗೋಕೆ ದಿನ ಹಿಡಿಯುತ್ತೆ. ಜಿಪ್ಸಂ ಕಲಸು, ಕಾಲು ಗಂಟೇಲಿ ಕಲ್ಲಾಗತ್ತೆ. ಒಂದು ಚಿಟಿಕೆ ಹೊಗೆಮಸಿ ಸೇರಿಸು, ಹಳೇದರ ಥರ ಕಾಣತ್ತೆ."

ನಾನು ಅವನ ಮುಖವನ್ನೇ ನೋಡಿದೆ. "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೆರುಚ್ಚೊ ಮೀಸೆ ಮುಟ್ಟಿ ನೋಡಿಕೊಂಡ. ಆಮೇಲೆ ನಕ್ಕ. "ಫೆಬ್ರವರೀಲಿ ಕಾರ್ನಿವಲ್ ಹಬ್ಬದ ಟೈಮಲ್ಲಿ ಒಂದ್ಸಲ ಒಡೆದಿತ್ತು ಕಣೆ. ಬೆಕ್ಕು ಹಾರಿರಬೇಕು. ನೀನು ನೋಡಿದ್ರೆ ಮತ್ತೆ ಚೀಟಿ ಬರೀತೀಯ ಅಂತ ನಾನೇ ಬದಲಾಯಿಸಿದೆ. ನಿನಗೂ ಒಳ್ಳೇದು, ಊರಿಗೂ ಒಳ್ಳೇದು."

ಸೊಟ್ಟ ಏಳು ನೆನಪಾಯಿತು. 

"ಬುಧವಾರಾನೂ ಒಡೆದಿತ್ತು, ಯಜಮಾನ್ರೇ. ನಾನು ಬದಲಾಯಿಸಿದ್ದೆ. ಇವತ್ತು ಮತ್ತೆ."

ಒಂದು ಕ್ಷಣ ಅವನ ಮುಖದ ಬಣ್ಣ ಹೋಯಿತು, ನಾನು ಕಣ್ಣಾರೆ ಕಂಡೆ. ಹಿಂದೆ ನಿಲುವಂಗಿ ತೊಟ್ಟು ಮೂವತ್ತು ಜನ ನಗುತ್ತ, ಒಬ್ಬರ ಸೊಂಟದ ದಾರ ಒಬ್ಬರು ಬಿಗಿಯುತ್ತ ನಿಂತಿದ್ದರು. ಅವನು ಅವರತ್ತ ನೋಡಿದ, ನನ್ನತ್ತ ನೋಡಿದ, ದನಿ ತಗ್ಗಿಸಿದ.

"ಏಳುನೂರು ವರ್ಷ ನಿಂತಿದ್ದು ಇನ್ನು ಎರಡು ಗಂಟೆ ನಿಲ್ಲಲ್ವಾ? ಸೋಮವಾರ ನಾನೇ ಎಂಜಿನಿಯರ್‌ನ ಕರೆಸ್ತೀನಿ, ನಿನ್ನ ಹೆಸರೇ ಬರದ ಹಾಗೆ. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಈಗ ಬಾಯಿ ಬಿಟ್ರೆ ನಿನ್ನ ಮಗನ ಗತಿ ಏನಾಗತ್ತೆ ಯೋಚನೆ ಮಾಡು. ಇನ್ನೊಂದು ವರ್ಷ ಕಾಯ್ತಾನಾ? ಹೋಗು, ಗಾಜು ಹಾಕು."

ನನ್ನ ಹೆಸರೇ ಬರುವುದಿಲ್ಲ ಎಂದನಲ್ಲ, ಅಷ್ಟು ಸಾಕಾಯಿತು ನನಗೆ. ಹೋದೆ. ಗಟ್ಟಿಗಿತ್ತಿಯಂತೆ, ಗಟ್ಟಿಗಿತ್ತಿ!

ಮನೆಯಿಂದ ಜಿಪ್ಸಂ, ಗಾಜು, ನೀರು ತಂದು ಕುಂಟಿಯ ಬುಡದಲ್ಲಿ ಕೂತಾಗ ಐದೂವರೆ. ಗಾಜು ಎರಡು ಸಲ ಜಾರಿತು. ಹಿಂದಿನಿಂದ ಕೆಮ್ಮು ಕೇಳಿ ಪ್ರಾಣವೇ ಹಾರಿಹೋಯಿತು. ನೋಡಿದರೆ ಬಾರ್ಬಾ ಸಾಂತೊ. ಬಾರ್ಬಾ ಎಂದರೆ ನಮ್ಮಲ್ಲಿ ದೊಡ್ಡಪ್ಪ, ವಯಸ್ಸಾದವರನ್ನೆಲ್ಲ ಹಾಗೇ ಕರೆಯುತ್ತೇವೆ. ಗಂಟೆ ಬಾರಿಸುವ ಮುದುಕ, ಎಪ್ಪತ್ತೆಂಟಾಗಿದೆ. ಗಂಟೆ ಕಟ್ಟಿದ ಮೂರು ದಿನ ಅವನಿಗೆ ಕೆಲಸವಿಲ್ಲ, ಸುಮ್ಮನೆ ಸುತ್ತುತ್ತಾನೆ.

ನಾನು ಏನೋ ಸುಳ್ಳು ಹೇಳಲು ಬಾಯಿ ತೆರೆದೆ. ಅವನು ಪಕ್ಕದಲ್ಲಿ ಮಂಡಿಯೂರಿ ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡ.

"ಕೊಡು ಮಗಳೇ, ನಾನು ಹಿಡ್ಕೋತೀನಿ. ನೀನು ಮೆತ್ತು. ಮೊದಲು ಮೇಲಿನ ತುದಿ. ನಂಗೆ ಇದು ಅಭ್ಯಾಸ ಆಗಿದೆ."

"ಏನು ಅಭ್ಯಾಸ, ಬಾರ್ಬಾ?"

ಅವನು ನೆಲ ನೋಡಿದ. "ಜನವರೀಲಿ ಎರಡು ಸಲ ಹಾಕಿದೀನಿ. ಗಂಟೆ ಬಾರಿಸಿ ಇಳಿದು ಬರುವಾಗ ಒಡೆದಿತ್ತು. ನನ್ನ ಗಂಟೆಯಿಂದ್ಲೇ ಆಯ್ತು ಅಂತ ಗಂಟೆ ನಿಲ್ಲಿಸಿಬಿಡ್ತಾರೆ ಅಂದ್ಕೊಂಡೆ. ಆಮೇಲೆ ನಾನೇನು ಮಾಡ್ಲಿ, ಮನೇಲಿ ಕೂತು ಸೊಸೆ ಮುಖ ನೋಡ್ಲಾ? ಯಾರಿಗೂ ಹೇಳ್ಬೇಡ."

ನಾನು ಬೆರಳು ಮಡಿಚಿದೆ. ಜನವರಿಯಲ್ಲಿ ಎರಡು. ಕಾರ್ನಿವಲ್ಲಿಗೆ ಒಂದು. ಬುಧವಾರ ಒಂದು. ಇವತ್ತು ಒಂದು. ಮೂರು ತಿಂಗಳಲ್ಲಿ ಐದು ಸಲ ಕುಂಟಿ ಕೂಗಿ ಹೇಳಿದ್ದಳು, ಮೂರು ಜನ ಸೇರಿ ಐದು ಸಲ ಅವಳ ಬಾಯಿ ಮುಚ್ಚಿದ್ದೆವು. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಪ್ರತಿಯೊಬ್ಬರೂ ಒಡೆದದ್ದು ತಾವು ಕಂಡ ಗಾಜಷ್ಟೇ ಎಂದುಕೊಂಡಿದ್ದೆವು.

ಬಾರ್ಬಾನಿಗೆ ಹೇಳಿದೆ. ಅವನು ಶಿಲುಬೆಯ ಗುರುತು ಹಾಕಿಕೊಂಡ. ಇಬ್ಬರೂ ಏಳಲಿಲ್ಲ, ಯಾಕೋ ಗೊತ್ತಿಲ್ಲ, ಗಾಜನ್ನೇ ನೋಡುತ್ತ ಕೂತೆವು. ಜಿಪ್ಸಂ ಬಿಸಿಯಾಯಿತು, ಗಟ್ಟಿಯಾಯಿತು. ಮೇಲಿನ ಚೌಕದಲ್ಲಿ ಗಂಟೆಯ ಬದಲು ಬಾರಿಸುವ ಮರದ ಗಿಲಕಿಗಳು ಕಟಕಟ ಎಂದವು. ಮೆರವಣಿಗೆ ಹೊರಟಿತ್ತು.

ಆಗ ನಮ್ಮಿಬ್ಬರ ಕಣ್ಣೆದುರೇ ಗಾಜು ಟಿಕ್ ಎಂದಿತು.

ಅಷ್ಟೇ ಸದ್ದು. ಉಗುರಿನಿಂದ ಲೋಟ ತಟ್ಟಿದಷ್ಟು. ಗಾಜಿನ ನಡುವೆ ಒಂದು ಗೆರೆ ಮೂಡಿತು, ಕೆಳಗಿನ ತುಂಡು ಬಾರ್ಬಾನ ಮಂಡಿಯ ಮೇಲೆ ಬಿತ್ತು. ಮೇಲಿನಿಂದ ಪುಡಿ ಉದುರಿ ನನ್ನ ಕೈಮೇಲೆ, ಕೂದಲ ಮೇಲೆ ಕೂತಿತು.  ನಾನು ಎದ್ದು ಓಡಿದೆ.

ಓಣಿ ನನ್ನ ಎರಡು ಕೈಚಾಚಿನಷ್ಟು ಅಗಲ, ಕಡಲ ಕಡೆಗೆ ಇಳಿಜಾರು. ನಾನು ಏರುವಷ್ಟರಲ್ಲಿ ಅವರು ಮೇಲಿನಿಂದ ಇಳಿಯುತ್ತಿದ್ದರು. ಮುಂದೆ ಫೆರುಚ್ಚೊ, ಹಿಂದು ಹಿಂದಕ್ಕೆ ನಡೆಯುತ್ತ, "ಒಂದು... ನಿಧಾನ... ಒಂದು" ಎಂದು ಹೆಜ್ಜೆ ಕೂಗುತ್ತಿದ್ದ. ಅವನ ಎದುರಿಗೆ ನನ್ನ ಮಗ. ಸೊಂಟದ ಚರ್ಮದ ಬಟ್ಟಲಲ್ಲಿ ಶಿಲುಬೆಯ ಬುಡ, ಮೇಲೆ ನೂರಮೂವತ್ತು ಕಿಲೋ ಮರ ಮತ್ತು ಬೆಳ್ಳಿ. ಕೈಗಳು ಬೆನ್ನ ಹಿಂದೆ, ಹಿಡಿಯುವಂತಿಲ್ಲ. ಎದೆ ಹಿಂದಕ್ಕೆ ಬಾಗಿ ಕಣ್ಣು ಕ್ರಿಸ್ತನ ಮುಖದ ಮೇಲೆ. ಹೊರುವವನು ದಾರಿ ನೋಡುವಂತಿಲ್ಲ, ಕಣ್ಣು ಇಳಿಸಿದರೆ ತೂಕ ತಪ್ಪುತ್ತದೆ. ಓಣಿಯೊಳಗೆ ಅವನು ಆಗಲೇ ಹದಿನಾಲ್ಕು ಹೆಜ್ಜೆ ಬಂದಿದ್ದ, ಕುಂಟಿಯ ನೆರಳು ಅವನ ಬಿಳಿ ಬಟ್ಟೆಯ ಮೇಲಿತ್ತು.

"ನಿಲ್ಸಿ," ಎಂದೆ.

ಫೆರುಚ್ಚೊ ತಿರುಗಿ ನೋಡಿದ. "ದಾರಿ ಬಿಡು, ಮಫಾಲ್ದಾ."

ಅವನ ಹಿಂದೆ ಯಾರೋ, "ಬಂದ್ಲು ನೋಡು, ಈ ವರ್ಷಾನೂ ಬಂದ್ಲು ಬೇಹುಗಾತಿ," ಎಂದರು. ಇನ್ನೊಬ್ಬರು, "ಮಗ ಹೊತ್ತಿದ್ರೂ ಬುದ್ಧಿ ಬರ್ಲಿಲ್ಲ," ಎಂದರು. ಮೇಣದ ಬತ್ತಿ ಹಿಡಿದ ಹೆಂಗಸರ ಸಾಲಿನಲ್ಲಿ ಗುಸುಗುಸು ಹರಿಯಿತು.

ಒಂದು ವರ್ಷದಿಂದ ಯಾವ ಮಾತಿಗೆ ಹೆದರಿ ಬದುಕಿದ್ದೆನೋ ಆ ಮಾತು ಮುಖಕ್ಕೇ ಬಿತ್ತು. ನಾನು ಗೋಡೆ ಹಿಡಿದೆ. ಅಂಗೈಗೆ ಗೋಡೆಯ ಒಳಗಿನ ಜುಮ್ಮೆನ್ನುವ ಅದುರು ತಾಗಿತು.

"ಗಾಜು ಒಡೆದಿದೆ," ಎಂದೆ. "ಬುಧವಾರ ಒಡೆದಿತ್ತು, ನಾನು ಕದ್ದು ಬೇರೆ ಹಾಕಿದೆ. ಇವತ್ತು ಎರಡು ಸಲ ಒಡೀತು. ಈಗ ನನ್ನ ಕಣ್ಣೆದುರಿಗೇ."

"ಸುಳ್ಳು," ಎಂದರು ಯಾರೋ.

"ಸುಳ್ಳಲ್ಲ," ಎಂದ ಬಾರ್ಬಾ ಸಾಂತೊ. ಏದುಸಿರು ಬಿಡುತ್ತ ನನ್ನ ಪಕ್ಕಕ್ಕೆ ಬಂದಿದ್ದ. "ನಾನು ಜನವರೀಲಿ ಎರಡು ಹಾಕಿದೀನಿ. ನನ್ನನ್ನೂ ಬೈಯ್ರಿ."

ಗಿಲಕಿಗಳು ನಿಂತವು. ಅಷ್ಟು ಜನರ ನಡುವೆ ಮರಳು ಜಾರುವ ಸದ್ದು ಎಲ್ಲರಿಗೂ ಕೇಳಿಸಿತು. ಎರಾಸ್ಮೊ ಕ್ರಿಸ್ತನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನ ಕತ್ತಿನ ನರ ಹಗ್ಗದಂತೆ ಉಬ್ಬಿತ್ತು.

"ಯಜಮಾನ್ರೇ," ಎಂದ, ಹಲ್ಲು ಕಚ್ಚಿಕೊಂಡೇ. "ನಿಮಗೆ ಗೊತ್ತಿತ್ತಾ?"

 ಊರಿಗೆಲ್ಲ ಕೇಳುವ ಫೆರುಚ್ಚೊನ ಗಂಟಲಲ್ಲಿ ಒಂದು ಪಿಸುಮಾತು ಹೊರಟಿತು. "ಒಂದು. ಕಾರ್ನಿವಲ್‌ನಲ್ಲಿ."

"ಹಾಗಾದ್ರೆ ನಂಗೆ ಯಾರಾದ್ರೂ ಹಿಂದಕ್ಕೆ ಹೆಜ್ಜೆ ಹೇಳಿ."

ಜನ ಚೌಕದ ಕಡೆಗೆ ಸರಿಯತೊಡಗಿದರು, ಮೊದಲು ಹೆಂಗಸರು, ಆಮೇಲೆ ನಿಲುವಂಗಿಯವರು. ಕ್ರಿಸ್ತನನ್ನು ಇನ್ನೊಬ್ಬರಿಗೆ ದಾಟಿಸಲು ಓಣಿಯಲ್ಲಿ ಜಾಗವಿರಲಿಲ್ಲ. ಕೆಳಗಿಡೋಣವೆಂದರೆ ವಾಲಿದ ಗೋಡೆಗೆ ಆ ತೂಕ ಬಡಿದರೆ ಮುಗಿಯಿತು. ಹೆಜ್ಜೆ ಕೂಗಬೇಕಾದ ಫೆರುಚ್ಚೊ ಪಕ್ಕಕ್ಕೆ ಸರಿದು ಕುಂಟಿಯ ನೆತ್ತಿಯನ್ನೇ ನೋಡುತ್ತಿದ್ದ. ಹೀಗಾಗಿ ನಾನೇ ಮಗನ ಮುಂದೆ ನಿಂತೆ. ನನಗೆ ಹೆಜ್ಜೆ ಕೂಗಲು ಯಾರು ಕಲಿಸಿದ್ದರು? ಅವನು ಅಂಬೆಗಾಲು ಬಿಟ್ಟು ಎದ್ದು ನಿಂತಾಗ ಕರೆದಂತೆ ಕರೆದೆ.

"ಎಡಗಾಲು ಹಿಂದಕ್ಕೆ. ಕಲ್ಲಿದೆ, ಸ್ವಲ್ಪ ಎತ್ತು. ಹಾಂ. ಈಗ ಬಲಗಾಲು."

ಏರು ದಾರಿ, ಹಿಂದು ಹಿಂದಕ್ಕೆ. ಒಂದೊಂದು ಹೆಜ್ಜೆಗೂ ಮೇಲೆ ಶಿಲುಬೆಯ ತುದಿಗಳ ಬೆಳ್ಳಿಯ ಹೂಗಳು ಗಲಗಲ ಎನ್ನುತ್ತಿದ್ದವು. ನಾಲ್ಕನೆಯ ಹೆಜ್ಜೆಗೆ ಶಿಲುಬೆ ಎಡಕ್ಕೆ ವಾಲಿತು, ಅವನ ಮೊಣಕಾಲು ಮಡಿಯಿತು. ಅವನು ಸಾವರಿಸಿಕೊಂಡ. ಏಳನೆಯದಕ್ಕೆ ಮುಷ್ಟಿಯಷ್ಟು ಕಲ್ಲೊಂದು ನಮ್ಮಿಬ್ಬರ ನಡುವೆ ಬಿದ್ದು ಪುಟಿಯಿತು.

"ಏನದು, ಅಮ್ಮ?"

"ಏನಿಲ್ಲ. ಬಲಗಾಲು."

ಹತ್ತು. ಹನ್ನೊಂದು. ಅವನ ಕಣ್ಣಿಗೆ ಪುಡಿ ಬಿದ್ದು ನೀರು ಹರಿಯುತ್ತಿತ್ತು, ರೆಪ್ಪೆ ಬಡಿಯುವಂತಿರಲಿಲ್ಲ. ಹದಿನಾಲ್ಕನೆಯ ಹೆಜ್ಜೆಗೆ ಚೌಕದ ಬೆಳಕು ಅವನ ಬೆನ್ನಿಗೆ ತಾಗಿತು. ನಾಲ್ಕು ಜನ ಮುನ್ನುಗ್ಗಿ ಶಿಲುಬೆಯನ್ನು ತಬ್ಬಿ ಎತ್ತಿಕೊಂಡರು. ಬಾರ್ಬಾನನ್ನು ಫೆರುಚ್ಚೊ ತೋಳು ಹಿಡಿದು ಎಳೆದು ತಂದ, ಅಷ್ಟು ಮಾಡಿದ.

ಒಂದು ಜಪಸರ ಮುಗಿಸುವಷ್ಟು ಹೊತ್ತು ಏನೂ ಆಗಲಿಲ್ಲ. ನಾನು ಸುಮ್ಮನೆ ಅಷ್ಟು ಜನರನ್ನು ಹೆದರಿಸಿದೆನೇ ಎಂಬ ಹೆದರಿಕೆ ಶುರುವಾಯಿತು. ನನ್ನ ಹೆದರಿಕೆಗೆ ಕೊನೆಯೆಂಬುದಿಲ್ಲ ನೋಡಿ. ಆಮೇಲೆ ಕುಂಟಿಯ ನೆತ್ತಿಯ ಒಂದು ಮೂಲೆ, ಒಂದು ಕೋಣೆಯಷ್ಟು ಕಲ್ಲು, ನಿಧಾನವಾಗಿ ಹೊರಕ್ಕೆ ಬಾಗಿ ಓಣಿಗೆ ಕುಸಿಯಿತು. ಧೂಳು ಚೌಕಕ್ಕೆ ನುಗ್ಗಿ ಮೇಣದ ಬತ್ತಿಗಳೆಲ್ಲ ಆರಿದವು. ಹೆಂಗಸರು ಅಳುತ್ತ ಮೊಣಕಾಲೂರಿದರು. ಯಾರೋ ನನ್ನ ಕೈಗೆ ಮುತ್ತಿಟ್ಟರು, ಬಹುಶಃ ಬೇಹುಗಾತಿ ಎಂದವರೇ.

ಎರಾಸ್ಮೊ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ. ಸೊಂಟದ ಚರ್ಮದ ಬಟ್ಟಲು ಬಿಚ್ಚಿರಲಿಲ್ಲ. ನಾನು ಹತ್ತಿರ ಹೋಗಿ ಶಾಲಿನ ತುದಿಯಿಂದ ಅವನ ಕಣ್ಣೊರೆಸಲು ಬಗ್ಗಿದೆ. ಅವನು ನನ್ನ ಮಣಿಕಟ್ಟು ಹಿಡಿದು ತಡೆದ.

"ಬುಧವಾರ ಗೊತ್ತಿತ್ತು ನಿಂಗೆ."

"ಹೂಂ."

"ನಿನ್ನೆ ಮೂರು ಸಲ ಅದರ ಕೆಳಗೆ ಓಡಾಡ್ದೆ. ನೀನು ಬಾಗಿಲಲ್ಲಿ ನಿಂತಿದ್ದೆ."

"ಗಾಜು ಸರಿಯಾಗಿತ್ತು ಮಗಾ."

"ನೀನು ಹಾಕಿದ ಗಾಜು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಜಗಳವಾಡುತ್ತಿದ್ದೆ, ಅತ್ತು ಕರೆದು ಮುಗಿಸುತ್ತಿದ್ದೆ. "ಮನೆಗೆ ಹೋಗು ಅಮ್ಮ. ನಾನು ಆಮೇಲೆ ಬರ್ತೀನಿ."

ಬಂದ. ಕಡಲೆ ಸೊಪ್ಪಿನ ಸಾರು ಬಡಿಸಿದೆ, ಉಂಡ. ಅವತ್ತಿನ ವಿಷಯ ಅವನು ಮತ್ತೆ ಎತ್ತಿಲ್ಲ, ನನಗೆ ಎಂದೂ ಒಂದು ಕೆಟ್ಟ ಮಾತು ಆಡಿಲ್ಲ, ಪ್ರೀತಿಯಿಂದಲೇ ಇದ್ದಾನೆ. ಈಗ ಅವನಿಗೆ ಮದುವೆಯಾಗಿದೆ, ತೊಟ್ಟಿಲಲ್ಲಿ ಒಂದು ಹೆಣ್ಣು ಮಗುವಿದೆ. ಹೋದ ವಾರ ಊಟದ ನಡುವೆ ಮಗು ಒಳಕೋಣೆಯಲ್ಲಿ ಕೆಮ್ಮಿತು. ನಾನು ಹೋಗಿ ನೋಡಿ ಬಂದು, "ಏನಿಲ್ಲ, ಚೆನ್ನಾಗಿ ಮಲಗಿದೆ, ನೀನು ಊಟ ಮಾಡು," ಎಂದೆ. ಅವನು ನನ್ನ ಮುಖ ನೋಡಿ ತಲೆಯಾಡಿಸಿದ. ಆಮೇಲೆ ಚಮಚ ಕೆಳಗಿಟ್ಟು, ಎದ್ದು, ತಾನೇ ನೋಡಿಬರಲು ಹೋದ.